ಹಿಡಿಯೊಳಗಿನ ತುಕ್ಕು

ಆಸ್ಪತ್ರೆಯಿಂದ ಮನೆಗೆ ಬಂದ ಕುಸಾಕಾ ಬಾಗಿಲಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಲೇ ಕೇಳಿದ್ದು ಕತ್ತಿಗಳ ವಿಚಾರ. ಹೊಟ್ಟೆಯ ಅರ್ಧ ಭಾಗ ಕೊಯ್ದು ತೆಗೆಸಿಕೊಂಡು ಬಂದವನು, ಇಡೀ ಮಳೆಗಾಲವನ್ನು ಆಸ್ಪತ್ರೆಯ ಮಂಚದ ಮೇಲೆ ಕಳೆದವನು, ಹೆಂಡತಿ ಒಬ್ಬಳೇ ಹೇಗಿದ್ದಳು, ಏನು ಉಂಡಳು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅದರಲ್ಲಿ ಆಶ್ಚರ್ಯಪಡುವಂಥದ್ದೂ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇನ್ನು ಕೊಯ್ದರೆ ಹೋದೀತೇ?

"ಪೆಟ್ಟಿಗೆಗೆ ಗಾಳಿ ಆಡಿಸಿದ್ಯಾ? ಮಳೆ ಒಂದು ದಿನ ಬಿಟ್ಟಿಲ್ವಂತೆ" ಅಂದ.

"ಎಣ್ಣೆನೇ ಬದಲಾಯಿಸಿದೀನಿ. ಎಲ್ಲದಕ್ಕೂ" ಎಂದಳು ಚಿಸೆ.

ಕುಸಾಕಾನ ಕೈ ಬೂಟಿನ ಮೇಲೆಯೇ ನಿಂತಿತು. ಯಾರು ಬದಲಾಯಿಸಿದ್ದು ಎಂದು ಕೇಳಿದ. ನಾನೇ ಅಂದಳು. ಒಂದು ಬೂಟು ಬಿಚ್ಚಿ ಒಂದು ಹಾಗೆಯೇ ಇಟ್ಟುಕೊಂಡು ಒಳಗೆ ಓಡಲು ಹೊಟ್ಟೆಯ ಹೊಲಿಗೆ ಬಿಡಲಿಲ್ಲವಾದ್ದರಿಂದ, ಇನ್ನೊಂದನ್ನೂ ಬಿಚ್ಚಿ, ಗೋಡೆ ಹಿಡಿದುಕೊಂಡು ಒಳಕೋಣೆಗೆ ನಡೆದ. ಚಿಸೆ ಅವನ ಹಿಂದೆ ಹೋದಳು. ಆದರೆ ಎಂದಿನಂತೆ ಕೋಣೆಯ ಹೊರಗೆ ನಿಂತಳು.

ಆ ಕೋಣೆಗೆ ಅವಳು ಹೋಗುತ್ತಿದ್ದುದು ಗುಡಿಸುವುದಕ್ಕೆ ಮಾತ್ರ. ಹಗುರ ಮರದ ಉದ್ದನೆಯ ಪೆಟ್ಟಿಗೆ, ಅದರೊಳಗೆ ಬಿಳಿ ಮರದ ಒರೆಗಳಲ್ಲಿ ಮಲಗಿದ ಕಿರುಗತ್ತಿಗಳು, ಅದು ಕುಸಾಕಾನ ಲೋಕ. ಉದ್ದನೆಯ ಕತ್ತಿಗಳ ಮೇಲೆ ಅವನಿಗೆ ಮೋಹವಿರಲಿಲ್ಲ. ಉದ್ದದ್ದು ರಣರಂಗಕ್ಕೆ, ಗಿಡ್ಡದ್ದು ಮನೆಗೆ ಎನ್ನುತ್ತಿದ್ದ. ಮೊಳದುದ್ದದ ಈ ಕತ್ತಿಗಳು ಮಲಗುವವರ ದಿಂಬಿನ ಪಕ್ಕ, ಹೆಂಗಸರ ಸೊಂಟದ ಪಟ್ಟಿಯಲ್ಲಿ, ಮಕ್ಕಳ ತೊಟ್ಟಿಲ ಬಳಿ ಇದ್ದು ಬಂದವು, ಅದಕ್ಕೇ ಇವುಗಳಲ್ಲಿ ಮನುಷ್ಯರ ವಾಸನೆ ಇದೆ ಎನ್ನುತ್ತಿದ್ದ. ಬೆಂಕಿ ಇಟ್ಟಿಗೆಯ ಕಾರ್ಖಾನೆಯಲ್ಲಿ ಭಟ್ಟಿಯ ಮೇಸ್ತ್ರಿಯಾಗಿ ಬೆವರು ಸುರಿಸಿದ ಸಂಬಳವೆಲ್ಲ ಮನೆಖರ್ಚು ಕಳೆದು ಆ ಪೆಟ್ಟಿಗೆಗೇ ಸೇರಿತ್ತು. ಮಕ್ಕಳಿರಲಿಲ್ಲ. ಬೈಯುವವರೂ ಇರಲಿಲ್ಲ.

ಕುಸಾಕಾ ಒಂದೊಂದನ್ನೇ ಒರೆಯಿಂದ ಎಳೆದು ಕಿಟಕಿಯ ಬೆಳಕಿಗೆ ಹಿಡಿದ. ಅಲಗಿನ ಉದ್ದಕ್ಕೂ ಹರಿಯುವ ಬಿಳಿಯ ಅಲೆಗೆರೆಯ ಮೇಲೆ ಒಂದು ಚುಕ್ಕೆ ಇರಲಿಲ್ಲ, ಒಂದು ಗೀರು ಇರಲಿಲ್ಲ. ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಲ್ಲಿ ಒರೆಸಿ, ಕಲ್ಲುಪುಡಿ ಕಟ್ಟಿದ ರೇಷ್ಮೆಯ ಉಂಡೆಯಿಂದ ತಟ್ಟಿ, ಪುಡಿಯನ್ನು ಮತ್ತೆ ಒರೆಸಿ, ಲವಂಗದೆಣ್ಣೆಯನ್ನು ಉಸಿರಿನಷ್ಟು ತೆಳ್ಳಗೆ ಹಚ್ಚುವ ಕೆಲಸ. ಅವನ ಬಳಿ ಕಲಿಯಲು ಬಂದ ಗಂಡಸರಿಗೆ ಅದನ್ನು ಸರಿಯಾಗಿ ಮಾಡಲು ವರ್ಷ ಹಿಡಿಯುತ್ತಿತ್ತು. ಇವಳಿಗೆ ಹೇಗೆ ಬಂತು ಎಂದು ಅವನು ಕೇಳಲಿಲ್ಲ. ಚಹಾ ತಟ್ಟೆ ಹಿಡಿದು ಹೊರಗೆ ಕಾಯುವಾಗೆಲ್ಲ ಜರುಗುಬಾಗಿಲ ಸಂದಿನಲ್ಲಿ ನೋಡಿ ಕಲಿತಿದ್ದಳು, ಅಷ್ಟೆ.

"ಪರವಾಗಿಲ್ಲ" ಎಂದ ಕೊನೆಗೆ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಚಿಸೆ ಇನ್ನೂ ನಿಂತಿದ್ದಳು. "ಹಿಡಿ ಬಿಚ್ಚಿ ನೋಡಲ್ವಾ?" ಎಂದಳು. ಈಗ ಹಿಡಿಯ ಬೆಣೆ ತಳ್ಳಲು ಸುತ್ತಿಗೆ ಹಿಡಿಯುವ ಶಕ್ತಿ ಕೈಯಲ್ಲಿ ಇಲ್ಲ, ಶರತ್ಕಾಲದಲ್ಲಿ ಕತ್ತಿಪ್ರಿಯರ ಸಭೆಯ ದಿನ ಹೇಗೂ ಬಿಚ್ಚಬೇಕಲ್ಲ ಎಂದು ಅವನು ಹಾಸಿಗೆ ಹಾಸಲು ಹೇಳಿದ. ಅವಳು ಮುಖದಲ್ಲಿ ಬಂದ ನಗುವನ್ನು ಬಾಗಿಲ ಹಿಂದೆ ಇಟ್ಟುಕೊಂಡು ಹಾಸಿಗೆ ತರಲು ಹೋದಳು.

ಆ ಪೆಟ್ಟಿಗೆಯ ಕತ್ತಿಗಳಲ್ಲಿ ಒಂದರ ಕಥೆ ಬೇರೆ. ಅದು ಕುಸಾಕಾ ಕೊಂಡದ್ದಲ್ಲ. ಯುದ್ಧ ಸೋತ ವರ್ಷ ಗೆದ್ದವರ ಅಪ್ಪಣೆಯಂತೆ ಪೊಲೀಸರು ಮನೆಮನೆಗೂ ಬಂದು ಕತ್ತಿ ಕಠಾರಿಗಳನ್ನು ಗಾಡಿಗೆ ತುಂಬುತ್ತಿದ್ದಾಗ, ಚಿಸೆಯ ಅಜ್ಜಿ ಅದನ್ನು ಅಕ್ಕಿ ಡಬ್ಬದಲ್ಲಿ ಹುಗಿದು, ಡಬ್ಬದ ಮೇಲೆ ಕೂತು, ಮೊಮ್ಮಗಳ ಜಡೆ ಹೆಣೆಯುತ್ತ ಪೊಲೀಸರಿಗೆ ಮನೆಯೆಲ್ಲ ಹುಡುಕಿಕೊಳ್ಳಿ ಎಂದಿದ್ದಳಂತೆ. ಅಜ್ಜಿಯ ಅಜ್ಜಿಯೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಗಂಡನ ಮನೆಗೆ ಹೋದವಳು. ಚಿಸೆಯ ಮದುವೆಯ ದಿನ ಅಜ್ಜಿ ಅದನ್ನು ಜರಿಯ ಚೀಲದಲ್ಲಿ ಹಾಕಿ, ಚೀಲದ ಕೆಂಪು ದಾರವನ್ನು ಮನೆತನದ ಗಂಟಿನಲ್ಲಿ ಕಟ್ಟಿ, ಮೊಮ್ಮಗಳ ನಡುಪಟ್ಟಿಗೆ ಸಿಕ್ಕಿಸಿದಳು. "ಇದಕ್ಕೆ ತುಕ್ಕು ಹಿಡಿಸ್ಬೇಡ ಮಗಾ" ಎಂದಳು. ಬೇರೆ ಬುದ್ಧಿಮಾತೇನೂ ಹೇಳಲಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ಸರ್ಕಾರ ಕತ್ತಿಗಳನ್ನು ನೋಂದಾಯಿಸಿಕೊಂಡರೆ ಇಟ್ಟುಕೊಳ್ಳಬಹುದು ಎಂದಿತು. ಮನೆಯ ಯಜಮಾನನಾದ ಕುಸಾಕಾ ತನ್ನ ಹೆಸರಲ್ಲಿ ನೋಂದಾಯಿಸಿದ. ಅಲ್ಲಿಯ ಅಧಿಕಾರಿ ಹಿಡಿ ಬಿಚ್ಚಿಸಿ, ಹಿಡಿಯೊಳಗೆ ಕೂರುವ ಬುಡವನ್ನು ನೋಡಿ, ಎದ್ದು ನಿಂತನಂತೆ. ಕಪ್ಪುಬೆಲ್ಲದ ಬಣ್ಣದ ತುಕ್ಕಿನ ನಡುವೆ ಎರಡು ಅಕ್ಷರದ ಹೆಸರು, ಇದೇ ನದಿಯ ದಂಡೆಯಲ್ಲಿ ಆರುನೂರು ವರ್ಷದ ಹಿಂದೆ ಕುಲುಮೆ ಹೂಡಿದ್ದ ಒಬ್ಬ ಕಮ್ಮಾರನದು. ಕುಸಾಕಾನಿಗೆ ಹುಚ್ಚು ಹಿಡಿದದ್ದು ಆ ಘಳಿಗೆಯಲ್ಲಿ. ಕತ್ತಿಗೆ ಜರಿಯ ಚೀಲ ತಕ್ಕದ್ದಲ್ಲ, ಬಟ್ಟೆ ತೇವ ಹೀರುತ್ತದೆ ಎಂದು ಬಿಳಿ ಮರದ ಒರೆ ಮಾಡಿಸಿದ. ಕತ್ತಿ ಒಳಕೋಣೆಗೆ ಹೋಯಿತು. ಚೀಲ ಚಿಸೆಯ ಬಳಿ ಉಳಿಯಿತು.

ಮುಂದೆ ಊರಿನ ಕತ್ತಿಪ್ರಿಯರು ಒಂದು ಕೂಟ ಕಟ್ಟಿಕೊಂಡಾಗ ಕುಸಾಕಾನೇ ಅದರ ಮುಖ್ಯಸ್ಥನಾದ. ಪ್ರತಿ ಶರತ್ಕಾಲದ ಸಭೆಯಲ್ಲಿ ಕೊನೆಗೆ ಆ ಕತ್ತಿಯನ್ನು ತೋರಿಸುವುದು ರೂಢಿಯಾಯಿತು. ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಒಂದು ಹಳೆಯ ಮನೆತನದ್ದು ಎನ್ನುತ್ತಿದ್ದ. ಅದು ಸುಳ್ಳಲ್ಲ. ಆ ಮನೆತನ ಅಡಿಗೆಮನೆಯಲ್ಲಿ ಚಹಾ ಕಾಯಿಸುತ್ತಿದೆ ಎಂದು ಸೇರಿಸಿದ್ದರೆ ನಿಜ ಪೂರ್ತಿಯಾಗುತ್ತಿತ್ತು. ಅದೊಂದು ಅವನಿಗೆ ಯಾವತ್ತೂ ತೋಚಲಿಲ್ಲ.

ಕೂಟಕ್ಕೆ ಹೊಸದಾಗಿ ಸೇರಿದವರಿಗೆ ಕುಸಾಕಾ ಮೊದಲು ಕಲಿಸುತ್ತಿದ್ದ ಪಾಠ ಒಂದೇ. ಅಲಗಿನ ತುಕ್ಕು ರೋಗ, ಬುಡದ ತುಕ್ಕು ವಯಸ್ಸು. ಅಲಗನ್ನು ಕನ್ನಡಿಯಂತೆ ಇಡಿ, ಬುಡದ ತುಕ್ಕಿಗೆ ಮಾತ್ರ ಕೈ ಹಚ್ಚಬೇಡಿ. ಆ ತುಕ್ಕಿನ ಬಣ್ಣ ನೋಡಿಯೇ ಕತ್ತಿಯ ಕಾಲ ಹೇಳುವುದು, ಹೆಸರು ಖರೆಯೋ ಖೋಟಾವೋ ತಿಳಿಯುವುದು. ಕ್ಷೌರದ ಅಂಗಡಿಯ ನೊಗಾಮಿ ಈ ಪಾಠ ಕೇಳುವ ಮೊದಲೇ ಸಂತೆಯಲ್ಲಿ ಒಂದು ಕಿರುಗತ್ತಿ ಕೊಂಡು, ತನ್ನ ಕತ್ತರಿಗಳಂತೆಯೇ ಬುಡವನ್ನೂ ತಿಕ್ಕಿ ತೊಳೆದು, ಕೂಟದ ಹಿರಿಯರಾದ ಓಗುನಿಯವರ ಮನೆಯಲ್ಲಿ ನಡೆದ ಸಭೆಗೆ ಹೆಮ್ಮೆಯಿಂದ ತಂದಿದ್ದ. ಕುಸಾಕಾ ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ಮುಖ ತೊಳಿ ಅಂದ್ರೆ ಚರ್ಮ ಸುಲಿದು ತಂದಿದೀಯಲ್ಲಪ್ಪಾ" ಎಂದಿದ್ದ. ಸಭೆ ನಕ್ಕಿತು. ನೊಗಾಮಿಯೂ ನಕ್ಕ. ಆಮೇಲೆ ಎಷ್ಟೋ ವರ್ಷ ಕುಸಾಕಾ ಆ ಕಥೆಯನ್ನು ಕಾರ್ಖಾನೆಯಲ್ಲಿ, ಊರವರೆಲ್ಲ ಸೇರುವ ಸ್ನಾನದ ಮನೆಯಲ್ಲಿ, ಸಾರಾಯಿ ಅಂಗಡಿಯಲ್ಲಿ ಹೇಳಿದ. ಊರಿಗೆಲ್ಲ ಹೇಳಿದ್ದನ್ನು ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಆಸ್ಪತ್ರೆಯಲ್ಲಿ, ಕೊಯ್ದ ದಿನ, ಅರೆ ಎಚ್ಚರದಲ್ಲಿ ಅವನು "ತುಕ್ಕು, ತುಕ್ಕು ನೋಡ್ಕೋ" ಎಂದು ಕನವರಿಸಿದ್ದ. ಚಿಸೆ ಅವನ ಅಂಗೈ ಒತ್ತಿ ನೋಡ್ಕೋತೀನಿ ಎಂದು ಮಾತು ಕೊಟ್ಟಿದ್ದಳು. ಮನೆಗೆ ಬಂದು ಕೈ ತೊಳೆದು, ಬಾಯಿಯ ಉಸಿರು ತಾಗದಂತೆ ತುಟಿಗಳ ನಡುವೆ ಕಾಗದ ಕಚ್ಚಿಕೊಂಡು ಪೆಟ್ಟಿಗೆ ತೆರೆದಳು. ಅಜ್ಜಿಯ ಕತ್ತಿಯನ್ನು ಕೊನೆಗೆ ಉಳಿಸಿಕೊಂಡಳು. ಅದು ಒಳಕೋಣೆ ಸೇರಿದ ಮೇಲೆ ಅದನ್ನು ಕೈಯಲ್ಲಿ ಹಿಡಿದದ್ದು ಅಂದೇ. ಅದಕ್ಕೊಂದಕ್ಕೆ ಪೂರ್ತಿ ಸೇವೆ ಮಾಡಬೇಕೆನಿಸಿ, ಅವನು ಮಾಡುವುದನ್ನು ಕಂಡಿದ್ದಂತೆ ಸಣ್ಣ ಹಿತ್ತಾಳೆಯ ಸುತ್ತಿಗೆಯಿಂದ ಬಿದಿರಿನ ಬೆಣೆ ತಳ್ಳಿ ಹಿಡಿ ಎಳೆದಳು. ಒಳಗಿನ ಬುಡವನ್ನು ಅಜ್ಜಿಯೂ ಕಂಡಿದ್ದವಳಲ್ಲ, ಇವಳೂ ಹತ್ತಿರದಿಂದ ಕಂಡಿದ್ದವಳಲ್ಲ. ತುದಿಯಿಂದ ತುದಿಗೆ ತುಕ್ಕು.

ಗಂಡ ಇದನ್ನು ತಿಳಿದೂ ಹೇಗೆ ಬಿಟ್ಟ ಎಂದು ಅವಳು ಯೋಚಿಸಲಿಲ್ಲ. ಅಜ್ಜಿ ಹೇಳಿದ ಒಂದೇ ಒಂದು ಮಾತನ್ನು ತಾನು ಉಳಿಸಿಕೊಳ್ಳಲಿಲ್ಲ ಎಂದಷ್ಟೇ ಅನಿಸಿತು. ಪಾತ್ರೆ ತಿಕ್ಕುವ ಪುಡಿ, ಉಕ್ಕಿನ ನಾರು, ಅಕ್ಷರಗಳ ಸಂದಿಗೆ ಊಟದ ಕಡ್ಡಿಯ ತುದಿಗೆ ಸುತ್ತಿದ ಬಟ್ಟೆ. ಆಸ್ಪತ್ರೆಗೆ ಹೋಗಿ ಬಂದು, ಮಿಕ್ಕ ಹೊತ್ತೆಲ್ಲ ಅಡಿಗೆಮನೆಯ ಬೆಳಕಿನಲ್ಲಿ ಕೂತು ತಿಕ್ಕಿದಳು. ಬೆರಳ ತುದಿ ಸುಲಿದುಹೋಯಿತು. ಬುಡ ಬೆಳ್ಳಗೆ ಹೊಳೆದ ದಿನ, ಅಜ್ಜಿಯ ಪಟದ ಮುಂದೆ ಊದುಬತ್ತಿ ಹಚ್ಚಿದಳು.

ಶರತ್ಕಾಲದ ಸಭೆ ಆ ವರ್ಷ ಕುಸಾಕಾನ ಮನೆಯಲ್ಲೇ ನಡೆಯಿತು. ಅವನು ಎದ್ದು ಓಡಾಡುವಂತಾಗಿದ್ದಕ್ಕೆ ಎಲ್ಲರಿಗೂ ಸಂತೋಷ. ಎಂಬತ್ತು ದಾಟಿದ ಓಗುನಿಯವರು ಕೋಲೂರಿಕೊಂಡು ಬಂದರು. ನೊಗಾಮಿ ಅಂಗಡಿಗೆ ಬೀಗ ಹಾಕಿ ಬಂದ. ಚಿಸೆ ಬೆಳಿಗ್ಗೆಯೇ ಎದ್ದು ಸಿಹಿಗೆಣಸು ಬೇಯಿಸಿ, ಒಳ್ಳೆಯ ಬಟ್ಟಲುಗಳನ್ನು ತೆಗೆದಿಟ್ಟಿದ್ದಳು. ಕೊನೆಯ ಕತ್ತಿಯ ಹಿಡಿ ಬಿಚ್ಚುವುದು ಎಷ್ಟು ಹೊತ್ತಿಗೆ ಎಂದು ಗಂಡನನ್ನು ಎರಡು ಸಲ ಕೇಳಿದ್ದಳು. ಚಹಾ ತರಲು ಕೇಳುತ್ತಿದ್ದಾಳೆ ಎಂದು ಅವನು ತಿಳಿದುಕೊಂಡ.

ಸಭೆಯ ಕ್ರಮ ಎಂದಿನಂತೆ ಸಾಗಿತು. ಬುಡ ಕಾಣದಂತೆ ಹಿಡಿ ತೊಡಿಸಿದ ಕತ್ತಿಗಳ ಮುಂದೆ ಒಬ್ಬೊಬ್ಬರೇ ಕೂತು, ನಮಸ್ಕರಿಸಿ, ದೀಪಕ್ಕೆ ಹಿಡಿದು ನೋಡಿ, ಇಂಥ ಕಮ್ಮಾರನ ಕೈ ಇರಬೇಕು ಎಂದು ಚೀಟಿಯಲ್ಲಿ ಬರೆದು ಕುಸಾಕಾನಿಗೆ ಕೊಡುವುದು. ಅವನು ಚೀಟಿ ಓದಿ ಗುರುವಿನ ಗತ್ತಿನಲ್ಲಿ ಉತ್ತರ ಹೇಳುವುದು. ನೊಗಾಮಿಯ ಚೀಟಿಗೆ "ಊರು ಸರಿ, ಮನೆ ತಪ್ಪು" ಎಂದ. ನೊಗಾಮಿ ತನ್ನ ಗಿರಾಕಿಗಳೂ ಹೀಗೇ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಕೊನೆಗೆ ಆ ಕತ್ತಿ ಬಂತು. ಅದಕ್ಕೆ ಚೀಟಿ ಬೇಕಿಲ್ಲ, ಎಲ್ಲರೂ ಬಲ್ಲದ್ದೇ. ಅಲಗನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಓಗುನಿಯವರು ಇನ್ನು ಬುಡ ನೋಡೋಣ ಎಂದರು.

ಕುಸಾಕಾ ಬೆಣೆ ತಳ್ಳಿದ. ಎಡಗೈಯಲ್ಲಿ ಕತ್ತಿಯನ್ನು ನೆಟ್ಟಗೆ ಹಿಡಿದು ಬಲಗೈ ಮುಷ್ಟಿಯಿಂದ ಆ ಕೈಯ ಮಣಿಕಟ್ಟಿಗೆ ಮೆಲ್ಲನೆ ಗುದ್ದಿದ. ಹಿಡಿ ಸಡಿಲಾಯಿತು, ಎಳೆದ.

ಬುಡ ಹೊಸ ಚಮಚದಂತೆ ಹೊಳೆಯಿತು. ಎರಡು ಅಕ್ಷರಗಳಲ್ಲಿ ಒಂದು ಅರ್ಧ ಅಳಿಸಿತ್ತು.

ಓಗುನಿಯವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇದನ್ನ ಯಾರು ಮಾಡಿದ್ದು, ಕುಸಾಕಾ ಅವ್ರೆ?" ಎಂದರು.

ಕುಸಾಕಾ ತಲೆ ಎತ್ತಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಆ ಕಣ್ಣುಗಳ ನಡುವೆ ನೊಗಾಮಿಯವೂ ಇದ್ದವು. ತಾನು ಹೇಳಿಕೊಂಡು ತಿರುಗಿದ ಕಥೆ ತನ್ನ ಮನೆಗೇ ಬಂದು ಕೂತಿತಲ್ಲ ಎನ್ನುವ ಭಯವೋ, ಕತ್ತಿ ಹೋಯಿತಲ್ಲ ಎನ್ನುವ ಸಂಕಟವೋ, ಅವನ ಬಾಯಿಗೆ ಬಂದದ್ದು ಇದು.

"ನಾನು ಆಸ್ಪತ್ರೆಲಿದ್ದೆ. ನನ್ನ ಹೆಂಡ್ತಿ ಕೆಲಸ ಇದು. ಅವಳಿಗೇನು ಗೊತ್ತು, ಬಾಣಲೆ ತಿಕ್ಕಿದ ಹಾಗೆ ತಿಕ್ಕಿದಾಳೆ." ಹೇಳಿ, ಸಣ್ಣಗೆ ನಕ್ಕ. ಮನೆಯ ಯಜಮಾನ ನಕ್ಕ ಮೇಲೆ ಸುಮ್ಮನಿರುವುದು ಮರ್ಯಾದೆಯಲ್ಲವೆಂದು ಉಳಿದವರೂ ನಕ್ಕರು.

ಅಷ್ಟು ವರ್ಷಗಳಲ್ಲಿ ಆ ಕತ್ತಿಯ ಜೊತೆ ಚಿಸೆಯನ್ನು ಅವನು ಸೇರಿಸಿ ಹೇಳಿದ್ದು ಅದೇ ಮೊದಲು.

ಜರುಗುಬಾಗಿಲು ಆಗಲೇ ಒಂದು ಗೇಣು ತೆರೆದಿತ್ತು. ಚಿಸೆ ಹೊತ್ತು ನೋಡಿಕೊಂಡು ಬಂದಿದ್ದಳು. ಬುಡ ಕಂಡಾಗ ಅವರೆಲ್ಲರ ಮುಖ ಹೇಗಾಗುತ್ತದೆ ಎಂದು ನೋಡಲು ಬಂದಿದ್ದಳು, ನೋಡಿದಳು. ಬಾಗಿಲನ್ನು ಪೂರ್ತಿ ಸರಿಸಿ, ಮಂಡಿಯೂರಿ ನಮಸ್ಕರಿಸಿ, ಒಳಗೆ ಬಂದು ಒಬ್ಬೊಬ್ಬರ ಮುಂದೆಯೂ ಬಟ್ಟಲು ಇಟ್ಟಳು. ಒಂದು ಬಟ್ಟಲೂ ಸದ್ದು ಮಾಡಲಿಲ್ಲ. ನೊಗಾಮಿಯ ಮುಂದೆ ಇಟ್ಟಾಗ ಅವನು ಹಣೆ ಚಾಪೆಗೆ ತಾಗುವಷ್ಟು ಬಗ್ಗಿದ. ಚಹಾ ಕೊಟ್ಟವರಿಗೆ ಯಾರೂ ಅಷ್ಟು ಬಗ್ಗುವುದಿಲ್ಲ.

ಎಲ್ಲರೂ ಬೇಗ ಎದ್ದರು. ಸಿಹಿಗೆಣಸು ಹಾಗೆಯೇ ಉಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಸಾಕಾನಿಗೆ ಇದು ಅಡಿಗೆಮನೆಯ ಬಾಗಿಲಿಗೆ ಬರುವ ಹೊತ್ತಿಗಾಗಲೇ ತಿಳಿದಿತ್ತು. ಆದರೂ ಬಾಯಿಯ ಅಭ್ಯಾಸ, ಮೊದಲು ಹೊರಬಂದದ್ದು ಗದರಿಕೆಯೇ.

"ಕೇಳದೆ ಯಾಕೆ ಮುಟ್ಟಿದೆ?"

ಚಿಸೆ ಬಟ್ಟಲು ತೊಳೆಯುತ್ತಿದ್ದಳು. ತಿರುಗಲಿಲ್ಲ. "ತುಕ್ಕು ನೋಡ್ಕೋ ಅಂದ್ರಿ. ನೋಡಿದೆ. ಬುಡದ ತುಂಬಾ ಇತ್ತು. ಅಜ್ಜಿಗೆ ಏನಂತ ಮುಖ ತೋರಿಸ್ಲಿ ಅನ್ನಿಸ್ತು" ಎಂದಳು. ಬಟ್ಟಲನ್ನು ಬೋರಲಿಟ್ಟು, "ಅದು ಇರ್ಬೇಕಾಗಿತ್ತಾ?" ಎಂದು ಕೇಳಿದಳು.

ಅವನು ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ. ಅಲಗಿನ ತುಕ್ಕು ರೋಗ, ಬುಡದ ತುಕ್ಕು ವಯಸ್ಸು. ಆ ಬಣ್ಣ ಬರಲು ಎಷ್ಟು ತಲೆಮಾರು ಬೇಕು, ಅದನ್ನು ನೋಡಿ ಏನೇನು ತಿಳಿಯುತ್ತದೆ, ಒಮ್ಮೆ ಹೋದರೆ ಯಾಕೆ ಯಾರೂ ತಂದುಕೊಡಲಾರರು. ಎಷ್ಟೋ ಜನ ಅಪರಿಚಿತರಿಗೆ ಹೇಳಿದ ಪಾಠ, ತಡೆಯಿಲ್ಲದೆ ಬಂತು. ಚಿಸೆ ಕೈ ಒರೆಸಿಕೊಂಡು, ತಿರುಗಿ ನಿಂತು ಪೂರ್ತಿ ಕೇಳಿದಳು. ನಡುವೆ ಒಂದೆರಡು ಪ್ರಶ್ನೆ ಕೇಳಿದಳು. ಒಳ್ಳೆಯ ಪ್ರಶ್ನೆಗಳು. ಅದನ್ನು ಹೇಳಿ ಮುಗಿಸಲು ಒಲೆಯ ಮೇಲಿನ ನೀರು ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಇಷ್ಟು ಹೊತ್ತು ಇಷ್ಟು ವರ್ಷಗಳಲ್ಲಿ ತನಗೆ ಸಿಗಲಿಲ್ಲವೇ ಎಂದು ಕುಸಾಕಾನಿಗೆ ಅನಿಸಿತು. ಏನೋ ಹೇಳಬೇಕೆಂದು ಬಾಯಿ ತೆರೆದ. ಆ ಮಾತು ಅವನಿಗೆ ಅಭ್ಯಾಸವಿರಲಿಲ್ಲ.

ಚಿಸೆಯೇ ಮಾತಾಡಿದಳು.

"ಹಾಗಾದ್ರೆ ಅದಕ್ಕೀಗ ಬೆಲೆ ಇಲ್ಲ, ಅಲ್ವಾ?"

"ನಮ್ಮ ಕೂಟದವರ ಲೆಕ್ಕದಲ್ಲಿ ಇಲ್ಲ."

"ಸರಿ. ನನಗೆ ಕೊಟ್ಟುಬಿಡಿ."

ಅವನಿಗೆ ಮೊದಲು ತಮಾಷೆ ಎನಿಸಿತು. ಅವಳ ಮುಖ ನೋಡಿದ ಮೇಲೆ ಎದ್ದು ಹೋಗಿ ಕತ್ತಿ ತಂದ. ಅವಳು ಒಳಗೆ ಹೋಗಿ ತನ್ನ ಬಟ್ಟೆ ಪೆಟ್ಟಿಗೆಯ ತಳದಿಂದ ಜರಿಯ ಚೀಲ ತಂದಳು. ಕರ್ಪೂರದ ವಾಸನೆ ಬಂತು. ಮಡಿಕೆ ಬಿದ್ದಲ್ಲಿ ಜರಿ ಕಪ್ಪಾಗಿತ್ತು, ಮತ್ತೇನೂ ಕೆಟ್ಟಿರಲಿಲ್ಲ. ಅದು ಇನ್ನೂ ಇತ್ತೆಂದೇ ಕುಸಾಕಾನಿಗೆ ಗೊತ್ತಿರಲಿಲ್ಲ. ಕತ್ತಿಯನ್ನು ಚೀಲಕ್ಕೆ ಇಳಿಸಿ, ಕೆಂಪು ದಾರವನ್ನು ಎರಡು ಸುತ್ತು ಸುತ್ತಿ ಅಜ್ಜಿಯ ಗಂಟು ಹಾಕಿದಳು. ಅವಳ ಸುಲಿದು ಮಾಗಿದ ಬೆರಳುಗಳು ಆ ಗಂಟಿಗೆ ಒಂದು ಕ್ಷಣವೂ ತಡವರಿಸಲಿಲ್ಲ. ಬಟ್ಟೆಗೆ ತೇವ ಆಗುತ್ತೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. ಅವತ್ತು ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಚಳಿಗಾಲದ ಹೊತ್ತಿಗೆ ಮನೆ ಎಂದಿನಂತೆ ಆಯಿತು. ಚಿಸೆ ಊಟಕ್ಕಿಟ್ಟಳು, ಸ್ನಾನಕ್ಕೆ ನೀರು ಕಾಯಿಸಿದಳು, ಟೀವಿಯಲ್ಲಿ ಸುಮೋ ಕುಸ್ತಿ ನೋಡುವಾಗ ಇಬ್ಬರೂ ಒಂದೇ ಪೈಲ್ವಾನನನ್ನು ಬೈದರು. ಮುನಿಸು ಇದ್ದಿದ್ದರೆ ಅವನು ಏನಾದರೂ ಮಾಡಬಹುದಿತ್ತು. ಮುನಿಸು ಇರಲಿಲ್ಲ. ಒಳಕೋಣೆಯನ್ನು ಗುಡಿಸುವುದನ್ನು ಮಾತ್ರ ಬಿಟ್ಟಳು. ಪೊರಕೆಯನ್ನು ಬಾಗಿಲ ಹೊರಗೆ ಒರಗಿಸಿ ಇಡುತ್ತಿದ್ದಳು. ಕುಸಾಕಾ ತಾನೇ ಗುಡಿಸಿಕೊಳ್ಳುತ್ತಿದ್ದ.

ಹೊಸ ವರ್ಷದ ಮುಂಚೆ ಕೂದಲು ಕತ್ತರಿಸಿಕೊಳ್ಳಲು ನೊಗಾಮಿಯ ಅಂಗಡಿಗೆ ಹೋದ. ಮುಖಕ್ಕೆ ಸಾಬೂನು ಬಳಿದು, ಕತ್ತಿಗೆ ಸಾಣೆ ಹಿಡಿಯುತ್ತಿದ್ದ ನೊಗಾಮಿಗೆ ಕನ್ನಡಿಯಲ್ಲೇ ನೋಡುತ್ತ ಹೇಳಿದ, ಆ ಕತ್ತಿ ನನ್ನದಲ್ಲ, ನನ್ನ ಹೆಂಡತಿಯ ತವರಿನದು. ನೊಗಾಮಿ ತಲೆಯಾಡಿಸಿದ. ಅವನಿಗೇನೂ ಅಚ್ಚರಿಯಾದಂತೆ ಕಾಣಲಿಲ್ಲ.

"ಮುಂದಿನ ಸಭೇಲಿ ಎಲ್ಲರಿಗೂ ಹೇಳ್ತೀನಿ" ಎಂದ ಕುಸಾಕಾ.

"ಹೇಳಿ ಗುರುಗಳೇ." ನೊಗಾಮಿ ಕ್ಷೌರದ ಕತ್ತಿಯನ್ನು ಅವನ ಗಂಟಲ ಮೇಲೆ ಇಟ್ಟ. ಆ ಸ್ಥಿತಿಯಲ್ಲಿ ಯಾರಾದರೂ ಕೇಳಿಸಿಕೊಳ್ಳಲೇಬೇಕು. "ಅವತ್ತು ನನಗೆ ಚರ್ಮ ಸುಲಿದೆ ಅಂದ್ರಲ್ಲಾ, ಆ ಮಾತು ನಂಗೆ ನೋವಾಗ್ಲಿಲ್ಲ. ತಪ್ಪು ಮಾಡಿದ್ದೆ, ಬೈಸಿಕೊಂಡೆ. ಆದ್ರೆ ಎಲ್ರೂ ನಕ್ಕಾಗ ನಾನೂ ನಗ್ಬೇಕಾಯ್ತು ನೋಡಿ, ಅದು ಇನ್ನೂ ಹೋಗಿಲ್ಲ. ಅಮ್ಮಾವ್ರಿಗೆ ಅದೂ ಆಗ್ಲಿಲ್ಲ. ಅವ್ರು ಚಹಾ ಕೊಡ್ಬೇಕಾಯ್ತು."

ಕುಸಾಕಾ ಕಣ್ಣು ಮುಚ್ಚಿಕೊಂಡ. ನೊಗಾಮಿ ಮಿಕ್ಕ ಗಡ್ಡವನ್ನು ಕೆರೆದು, ಬಿಸಿ ಬಟ್ಟೆ ಒತ್ತಿದ. ಬಟ್ಟೆಯ ಕೆಳಗೆ ಬಹಳ ಹೊತ್ತು ಅವನು ಹಾಗೆಯೇ ಇದ್ದ, ನೊಗಾಮಿ ಅವಸರ ಮಾಡಲಿಲ್ಲ.

ವಸಂತದ ಸಭೆ ಓಗುನಿಯವರ ಮನೆಯಲ್ಲಿ ನಡೆಯಿತು. ಕುಸಾಕಾ ಎದ್ದು ನಿಂತು ಎಲ್ಲವನ್ನೂ ಹೇಳಿದ. ಅಕ್ಕಿ ಡಬ್ಬ, ಅಜ್ಜಿ, ನಡುಪಟ್ಟಿ, ತನ್ನ ಹೆಸರಿನ ನೋಂದಣಿ, ಏನನ್ನೂ ಬಿಡಲಿಲ್ಲ. ಓಗುನಿಯವರು ಹೌದಾ, ಹಾಗೋ ಎಂದು, ಪಾಪ, ಅಂಥ ಕತ್ತಿ ಹಾಳಾಗಿಹೋಯಿತು ಎಂದು ನಿಟ್ಟುಸಿರುಬಿಟ್ಟರು. ಮನೆಗೆ ಬಂದು, ಇವತ್ತು ಎಲ್ಲರಿಗೂ ಹೇಳಿದೆ, ಅದು ನಿಮ್ಮ ಅಜ್ಜಿಯದು ಅಂತ, ಎಂದು ಚಿಸೆಗೆ ಹೇಳಿದ. ಮೀನು ಹುರಿಯುತ್ತಿದ್ದ ಚಿಸೆ, "ಒಳ್ಳೇದಾಯ್ತು" ಎಂದಳು. ಮೀನನ್ನು ಮಗುಚಿ ಹಾಕಿ, ಅನ್ನ ಈಗಲೇ ಬಡಿಸಲೋ ಸ್ವಲ್ಪ ತಡೆಯಲೋ ಎಂದು ಕೇಳಿದಳು. ಅವನು ಈ ಮಾತಿಗಾಗಿ ಇಡೀ ದಾರಿ ಪದಗಳನ್ನು ಹೊಂದಿಸಿಕೊಂಡು ಬಂದಿದ್ದ. ಅವು ಅವಳಿಗೆ ಒಂದು ಕಾಲದಲ್ಲಿ ಬೇಕಿದ್ದವು. ಈಗ ತಂದು ಸುರಿದರೆ ಇಟ್ಟುಕೊಳ್ಳಲು ಅವಳಲ್ಲಿ ಜಾಗವಿರಲಿಲ್ಲ.

ಮತ್ತೆ ಮಳೆಗಾಲ ಬಂತು. ಪ್ಲಮ್ ಕಾಯಿ ಉಪ್ಪಿಗೆ ಬಿದ್ದವು, ಗೋಡೆಗಳು ಬೆವರಿದವು, ಬಟ್ಟೆ ಒಣಗಲಿಲ್ಲ. ಒಂದು ಮಧ್ಯಾಹ್ನ ಕುಸಾಕಾ ಪೆಟ್ಟಿಗೆ ತೆರೆದು ಎಣ್ಣೆ ಬದಲಾಯಿಸಲು ಕೂತ. ಒಂದೊಂದೇ ಒರೆಸಿ, ತಟ್ಟಿ, ಒರೆಸಿ, ಹಚ್ಚಿ, ಒರೆಗೆ ಸೇರಿಸಿದ. ಕೊನೆಗೆ ಖಾಲಿ ಜಾಗಕ್ಕೆ ಬಂದ. ಜರಿಯ ಚೀಲ ಎಷ್ಟು ತೇವ ಹೀರಿದೆಯೋ, ಅಲಗಿನ ಮೇಲೆ ಚುಕ್ಕೆ ಎದ್ದಿದೆಯೋ ಎಂದು ಕೆಲವು ದಿನಗಳಿಂದ ಅವನಿಗೆ ನಿದ್ದೆಯಲ್ಲೂ ಅದೇ ಚಿಂತೆ. ಅದರ ಬುಡ ಹೋಗಿದ್ದರೇನು, ಅಲಗು ಇನ್ನೂ ಜೀವಂತವಾಗಿತ್ತಲ್ಲ. ಎಣ್ಣೆಯ ಶೀಸೆ, ಮೆತ್ತನೆಯ ಕಾಗದ, ಪುಡಿಯ ಉಂಡೆ ತೆಗೆದುಕೊಂಡು ಎದ್ದ. ನಾನು ಹಚ್ಚಿಕೊಡಲಾ ಎಂದು ಕೇಳಿದರೆ ಆಯಿತು. ಬೇಡವೆಂದರೆ ಶೀಸೆಯನ್ನಾದರೂ ಕೊಟ್ಟು ಬರಬಹುದು.

ಚಿಸೆಯ ಕೋಣೆಯ ಜರುಗುಬಾಗಿಲು ಮುಚ್ಚಿತ್ತು, ಬೆರಳು ತೂರುವಷ್ಟು ಸಂದು ಬಿಟ್ಟು. ಕರೆಯಬೇಕೆಂದು ಬಾಯಿ ತೆರೆದವನಿಗೆ ಲವಂಗದೆಣ್ಣೆಯ ವಾಸನೆ ಬಂತು. ಅದು ಅವನ ಕೈಯ ಶೀಸೆಯದಲ್ಲ. ಒಳಗಿನಿಂದ ಮೆಲ್ಲಗೆ, ಒಂದೇ ಹದದಲ್ಲಿ, ಪುಡಿಯ ಉಂಡೆ ತಟ್ಟುವ ಸದ್ದು ಕೇಳುತ್ತಿತ್ತು. ಅವನದು ಕೈಯಲ್ಲೇ ಇತ್ತು. ಇದನ್ನು ನೊಗಾಮಿ ಪೇಟೆಯಿಂದ ತಂದುಕೊಟ್ಟಿರಬೇಕು.

ಸಂದಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಬಗ್ಗಿದ ಕತ್ತು ಕಾಣುತ್ತಿತ್ತು. ಮಡಿಲಲ್ಲಿ ಬಿಚ್ಚಿದ ಜರಿಯ ಚೀಲ. ಹಿಡಿ ಬಿಚ್ಚಿಟ್ಟಿದ್ದಳು. ಬುಡದ ಹೊಳಪು ಸ್ವಲ್ಪ ಮಾಸಿ, ಅಂಚಿನಲ್ಲಿ ಎಲ್ಲೋ ಹೆಬ್ಬೆಟ್ಟಿನಷ್ಟು ಜಾಗ ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಅವಳು ಒರೆಸಲಿಲ್ಲ. ಅಲಗನ್ನು ಎತ್ತಿ ಬೆಳಕಿಗೆ ಹಿಡಿದಳು.

ಕುಸಾಕಾ ಉಸಿರು ಬಿಗಿಹಿಡಿದು, ಶೀಸೆಯನ್ನು ಎದೆಗೊತ್ತಿಕೊಂಡು ಹೊರಗೇ ನಿಂತಿದ್ದ. ಸೂರಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.